ನಲವತ್ತು ಸಾವಿರದ ಐ.ಟಿ. ಸರ್ಟಿಫಿಕೇಟ್ ಬೇಕೇ, ಸಾವಿರ ರೂಪಾಯಿಯ ಪರೀಕ್ಷೆ ಸಾಕೇ?

ಪ್ರಶ್ನೆ: ಶಹಾಪುರದ ಪದವೀಧರೆ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಕಳೆದ ವರ್ಷ ಬಿ.ಎಸ್ಸಿ. ಮುಗಿಸಿದ್ದೇನೆ. ಐ.ಟಿ. ಕ್ಷೇತ್ರದಲ್ಲಿ ಕೆಲಸ ಹುಡುಕಬೇಕೆಂದಿದ್ದೇನೆ. ಒಂದು ಖಾಸಗಿ ತರಬೇತಿ ಕೇಂದ್ರದವರು ಆರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸ್‌ಗೆ 40,000 ರೂಪಾಯಿ ಕೇಳುತ್ತಿದ್ದಾರೆ. ತಮ್ಮ ಸಂಸ್ಥೆಗೆ ಐ.ಎಸ್.ಒ. ಮಾನ್ಯತೆ ಇರುವುದರಿಂದ ಸರ್ಟಿಫಿಕೇಟ್ ಎಲ್ಲ ಕಡೆ ನಡೆಯುತ್ತದೆ ಎಂದು ಫೋನಿನಲ್ಲಿ ಹೇಳಿದರು. ಏನೇನು ಕಲಿಸುತ್ತೀರಿ ಎಂದು ಕೇಳಿದರೆ, ಮೊದಲು ಸೀಟು ಕಾಯ್ದಿರಿಸಿರಿ ಎನ್ನುತ್ತಾರೆ. ಹತ್ತಿ ಮಾರಿದ ಹಣದಲ್ಲಿ ಕಟ್ಟೋಣ ಎಂದು ಅಪ್ಪ ಹೇಳುತ್ತಿದ್ದಾರೆ, ಆದರೆ ಮುಂಗಾರಿನ ಬೀಜ ಗೊಬ್ಬರಕ್ಕೂ ಅದೇ ಹಣವೆಂದು ನನಗೆ ಗೊತ್ತು. ಉಚಿತವಾಗಿ ಸಿಗುವ ಕೋರ್ಸ್‌ಗಳ ಸರ್ಟಿಫಿಕೇಟ್‌ಗೆ ನಿಜವಾಗಿಯೂ ಬೆಲೆ ಇದೆಯೇ? ಇಂಗ್ಲಿಷ್ ಪಾಠ ಕೇಳಿ ಅರ್ಥ ಮಾಡಿಕೊಳ್ಳುವುದು ನನಗೆ ಕಷ್ಟ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಕಲಬುರಗಿಯ ಕಾಲೇಜು ಅಧ್ಯಾಪಕ

ತಂಗಿ, ಆ ಹಣವನ್ನು ಈಗಲೇ ಕಟ್ಟಬೇಡಿರಿ. ಐ.ಎಸ್.ಒ. 9001 ಎಂಬುದು ಒಂದು ಸಂಸ್ಥೆ ತನ್ನ ಆಡಳಿತ ವ್ಯವಸ್ಥೆಯನ್ನು ಹೇಗೆ ನಡೆಸಿಕೊಂಡು ಹೋಗುತ್ತದೆ ಎಂಬುದಕ್ಕೆ ಸಂಬಂಧಿಸಿದ ಮಾನದಂಡವೇ ಹೊರತು, ಅಲ್ಲಿ ಕಲಿಸುವ ಪಾಠದ ಮಟ್ಟಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಪಠ್ಯಕ್ರಮ ತೋರಿಸುವ ಮೊದಲೇ ಹಣ ಕೇಳುವವರಿಂದ ದೂರ ಇರುವುದು ಒಳ್ಳೆಯದು ಎಂದು ನಾನು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ.

ನನ್ನ ಸಲಹೆ ಎನ್.ಪಿ.ಟಿ.ಇ.ಎಲ್., ಅಂದರೆ ಕಾಲೇಜು ಮಟ್ಟದ ಪಾಠಗಳನ್ನು ಆನ್‌ಲೈನಿನಲ್ಲಿ ಕಲಿಸುವ ಯೋಜನೆ. ಇದನ್ನು ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದವು. ಕೆಲವು ವರ್ಷಗಳ ನಂತರ ಪರೀಕ್ಷೆ ನಡೆಸಿ ಸರ್ಟಿಫಿಕೇಟ್ ಕೊಡಲು ಆರಂಭಿಸಿದರು, ಈಗ ಕೋರ್ಸ್‌ಗಳು ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ನಡೆಯುತ್ತವೆ. ಸೇರುವುದಕ್ಕೂ ಪಾಠ ಕೇಳುವುದಕ್ಕೂ ಹಣವಿಲ್ಲ. ಸರ್ಟಿಫಿಕೇಟ್ ಬೇಕೆಂದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು, ಅದು ಪ್ರತಿ ಕೋರ್ಸ್‌ಗೆ ಬಹಳ ವರ್ಷಗಳಿಂದ 1,000 ರೂಪಾಯಿ ಇದ್ದು, ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇರುತ್ತದೆ. ಆದರೆ ನಮ್ಮ ಹುಡುಗರು ಎಡವುವುದು ಇಲ್ಲೇ: ಕೋರ್ಸ್‌ಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಕೊಟ್ಟಂತೆ ಆಗುವುದಿಲ್ಲ. ಪರೀಕ್ಷೆಯ ಅರ್ಜಿ ಬೇರೆ, ಅದರ ಕೊನೆಯ ದಿನಾಂಕವೂ ಬೇರೆ. ಪ್ರತಿ ವಾರದ ಅಸೈನ್‌ಮೆಂಟನ್ನು ಗಡುವಿನೊಳಗೆ ಸಲ್ಲಿಸಬೇಕು. ಹನ್ನೆರಡು ವಾರದ ಕೋರ್ಸ್‌ನಲ್ಲಿ ಅತ್ಯುತ್ತಮವಾದ ಎಂಟರ ಸರಾಸರಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75 ಅಂಕ. 25ರಲ್ಲಿ ಕನಿಷ್ಠ 10 ಹಾಗೂ 75ರಲ್ಲಿ ಕನಿಷ್ಠ 30 ಬಂದರೆ ಮಾತ್ರ ಸರ್ಟಿಫಿಕೇಟ್ ಸಿಗುತ್ತದೆ. ಪರೀಕ್ಷೆಯನ್ನು ಮನೆಯಲ್ಲಿ ಕುಳಿತು ಬರೆಯುವಂತಿಲ್ಲ, ಗುರುತಿನ ಚೀಟಿ ಹಿಡಿದು ಕೇಂದ್ರಕ್ಕೇ ಹೋಗಬೇಕು. ವಿಡಿಯೊ ನೋಡಿ ಮುಗಿಸಿದವರಿಗೆಲ್ಲ ಕೊಡುವ ಭಾಗವಹಿಸುವಿಕೆಯ ಪತ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ, ಸಂದರ್ಶನ ಮಾಡುವವರೂ ಆ ವ್ಯತ್ಯಾಸವನ್ನು ಬಲ್ಲರು.

ಪ್ರೋಗ್ರಾಮಿಂಗ್ ಹೊಸದಾದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಸುವ, ಐ.ಐ.ಟಿ. ರೋಪರ್‌ನವರ ‘ಜಾಯ್ ಆಫ್ ಕಂಪ್ಯೂಟಿಂಗ್ ಯೂಸಿಂಗ್ ಪೈಥಾನ್’ನಿಂದ ಆರಂಭಿಸಿರಿ. ಒಂದೇ ಅವಧಿಯಲ್ಲಿ ನಾಲ್ಕು ಕೋರ್ಸ್‌ಗಳಿಗೆ ಸೇರಿ ನಾಲ್ಕನ್ನೂ ಅರ್ಧಕ್ಕೆ ಬಿಟ್ಟವರನ್ನು ಬಹಳ ನೋಡಿದ್ದೇನೆ, ಆದ್ದರಿಂದ ಒಂದನ್ನೇ ಹಿಡಿದು ಮುಗಿಸಿರಿ.

ಉತ್ತರ 2: ಭಾಲ್ಕಿಯವನು, ಈಗ ಹೈದರಾಬಾದಿನಲ್ಲಿ

ಸರ್ ಹೇಳಿದ್ದು ಸರಿ. ನನ್ನದು ಪ್ರೋಗ್ರಾಮಿಂಗ್ ದಾರಿಯಲ್ಲ, ಬಳಕೆದಾರರ ಕಂಪ್ಯೂಟರ್ ತೊಂದರೆಗಳನ್ನು ಸರಿಪಡಿಸುವ ಸಪೋರ್ಟ್ ಕೆಲಸದ್ದು. ಬೀದರ್ ಕಡೆಯವರಾದ ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರವಾದ್ದರಿಂದ ಇಲ್ಲಿಯೇ ಕೆಲಸ ಹುಡುಕಿದೆ. 2021ರಲ್ಲಿ ಕೋರ್ಸೆರಾ ಎಂಬ ಆನ್‌ಲೈನ್ ಕೋರ್ಸ್‌ಗಳ ತಾಣದಲ್ಲಿ ಗೂಗಲ್‌ನ ಐ.ಟಿ. ಸಪೋರ್ಟ್ ಕೋರ್ಸ್ ಮಾಡಿದೆ. ಆಗ ಅದರ ಐದು ಭಾಗಗಳಿಗೂ ಶುಲ್ಕದ ಆರ್ಥಿಕ ನೆರವಿಗಾಗಿ ಬೇರೆ ಬೇರೆ ಅರ್ಜಿ ಬರೆದು ಕಾಯಬೇಕಾಯಿತು. ನೆರವಿನ ನಿಯಮಗಳು ಬದಲಾಗುತ್ತಿರುವುದರಿಂದ ನೀವು ಸೇರುವ ದಿನ ಅವನ್ನು ಪೂರ್ತಿ ಓದಿಕೊಳ್ಳಬೇಕು.

ಸಂದರ್ಶನದಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಅವರು ಸರ್ಟಿಫಿಕೇಟನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟು, “ಒಬ್ಬರ ಕಂಪ್ಯೂಟರಿನಲ್ಲಿ ಯಾವ ವೆಬ್‌ಸೈಟೂ ತೆರೆಯುತ್ತಿಲ್ಲ, ಆದರೆ ಐ.ಪಿ. ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರ ಬರುತ್ತಿದೆ. ಮೊದಲು ಏನು ನೋಡುತ್ತೀರಿ?” ಎಂದು ಕೇಳಿದರು. ಐ.ಪಿ. ವಿಳಾಸವೆಂದರೆ ಜಾಲದಲ್ಲಿ ಒಂದು ಕಂಪ್ಯೂಟರಿಗಿರುವ ಅಂಕಿಗಳ ವಿಳಾಸ, ಪಿಂಗ್ ಎಂದರೆ ಆ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ಪರೀಕ್ಷಿಸುವುದು. ಜಾಲದ ಸಂಪರ್ಕ ಇದೆ, ಹೆಸರನ್ನು ವಿಳಾಸಕ್ಕೆ ಬದಲಿಸಿಕೊಡುವ ಡಿ.ಎನ್.ಎಸ್. ಕೆಲಸ ಮಾಡುತ್ತಿಲ್ಲ, ಆದ್ದರಿಂದ ಡಿ.ಎನ್.ಎಸ್. ಸೆಟ್ಟಿಂಗ್ ನೋಡುತ್ತೇನೆ ಎಂದೆ. ಆ ಪಾಠ ಕೇಳಿದ ದಿನವೇ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಡಿ.ಎನ್.ಎಸ್. ವಿಳಾಸವನ್ನು ಬೇಕೆಂದೇ ತಪ್ಪಾಗಿ ತುಂಬಿ, ಏನಾಗುತ್ತದೆಂದು ನೋಡಿದ್ದೆ. ಹಾಗೆ ಮಾಡದೆ ವಿಡಿಯೊ ಮಾತ್ರ ನೋಡಿ ಬಿಟ್ಟಿದ್ದರೆ ನನಗೆ ಆ ಉತ್ತರ ಹೊಳೆಯುತ್ತಿರಲಿಲ್ಲ.

ಉತ್ತರ 3: ಸೇಡಂನ ಕಂಪ್ಯೂಟರ್ ಶಿಕ್ಷಕಿ

ತಂಗಿ, ಭಾಷೆಯ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ನಾನು ಕೂಡ ಕನ್ನಡ ಮಾಧ್ಯಮದವಳು. ಐ.ಐ.ಟಿ. ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸಿ, ಪೈಥಾನ್, ಲಿನಕ್ಸ್‌ನಂತಹ ವಿಷಯಗಳ ಪಾಠಗಳಿವೆ. ಅವುಗಳಲ್ಲಿ ಅನೇಕವನ್ನು ಕನ್ನಡ ಧ್ವನಿಯಲ್ಲಿ ಉಚಿತವಾಗಿ ಕೇಳಬಹುದು. ಒಂದೊಂದು ಪಾಠ ಸುಮಾರು ಹತ್ತು ನಿಮಿಷದ್ದು. ಪರದೆಯ ಅರ್ಧಕ್ಕೆ ಪಾಠ, ಉಳಿದರ್ಧಕ್ಕೆ ನಮ್ಮ ಪ್ರೋಗ್ರಾಂ ಇಟ್ಟುಕೊಂಡು, ಅವರು ಮಾಡಿದ್ದನ್ನು ನಿಲ್ಲಿಸಿ ನಿಲ್ಲಿಸಿ ನಾವೂ ಮಾಡಬೇಕು. ನನ್ನ ಮೊದಲ ಸಿ ಪ್ರೋಗ್ರಾಂ ಅರ್ಧ ದಿನ ಓಡಲೇ ಇಲ್ಲ. ಎರರ್ ತೋರಿಸಿದ ಸಾಲನ್ನು ಎಷ್ಟು ಸಲ ಓದಿದರೂ ತಪ್ಪು ಕಾಣಲಿಲ್ಲ. ಕೊನೆಗೆ ನೋಡಿದರೆ ಅದರ ಮೇಲಿನ ಸಾಲಿನ ಕೊನೆಗೆ ಸೆಮಿಕೋಲನ್ ಹಾಕಿರಲಿಲ್ಲ. ಈಗ ನನ್ನ ವಿದ್ಯಾರ್ಥಿಗಳು ಎರರ್ ಬಂತೆಂದು ಕರೆದರೆ ಮೇಲಿನ ಸಾಲನ್ನೂ ನೋಡಿರಿ ಎನ್ನುತ್ತೇನೆ.

ಎರಡು ತಿಂಗಳು ಕನ್ನಡದಲ್ಲಿ ಕಲಿತು ಆಮೇಲೆ ಎನ್.ಪಿ.ಟಿ.ಇ.ಎಲ್. ಪಾಠ ಕೇಳಿದರೆ ಲೂಪ್, ಫಂಕ್ಷನ್ ಎಂಬ ಮಾತುಗಳು ಆಗಲೇ ಪರಿಚಯವಾಗಿರುತ್ತವೆ. ಹಳ್ಳಿಯಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲವಾದ್ದರಿಂದ, ಸಿಕ್ಕಾಗ ವಿಡಿಯೊ ಇಳಿಸಿಟ್ಟುಕೊಳ್ಳಿರಿ, ಅಸೈನ್‌ಮೆಂಟನ್ನು ಕೊನೆಯ ರಾತ್ರಿಗೆ ಬಿಡಬೇಡಿರಿ.

ಪ್ರಶ್ನೆ ಕೇಳಿದವಳಿಂದ

ಅಧ್ಯಾಪಕರಿಗೆ, ಅಣ್ಣನವರಿಗೆ, ಅಕ್ಕನವರಿಗೆ ಧನ್ಯವಾದಗಳು. ಈ ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ, ಹತ್ತಿಯ ಹಣ ಬೀಜಕ್ಕೇ ಇರಲಿ ಎಂದು ಇಬ್ಬರೂ ತೀರ್ಮಾನಿಸಿದೆವು. ಇಂದು ಸಿ ಪಾಠದ ಮೊದಲ ಎರಡು ಭಾಗ ಕನ್ನಡದಲ್ಲಿ ಮುಗಿಸಿದ್ದೇನೆ. ಅಧ್ಯಾಪಕರಲ್ಲಿ ಒಂದು ಪ್ರಶ್ನೆ: ಪರೀಕ್ಷೆಯ ಅರ್ಜಿಯಲ್ಲಿ ಮೊದಲೇ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಕಲಬುರಗಿಯ ಕಾಲೇಜು ಅಧ್ಯಾಪಕ

ಇದೆ. ನೀವು ಅರ್ಜಿಯಲ್ಲಿ ತುಂಬಿದ ಹೆಸರೇ ಸರ್ಟಿಫಿಕೇಟ್‌ನಲ್ಲಿ ಅಚ್ಚಾಗುತ್ತದೆ, ಆದ್ದರಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ತುಂಬಿರಿ. ಪರೀಕ್ಷೆಯ ಊರನ್ನೂ ಅದರಲ್ಲಿಯೇ ಆರಿಸಬೇಕು.