ಬೋಟಿನ ಬಿಳಿ ರೆಕ್ಸಿನ್ ಸೀಟಿಗೆ ಬಟ್ಟೆ ಬಣ್ಣ ಹತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುವ ಸಣ್ಣ ಬೋಟು ನಮ್ಮದು. ಸೀಟಿಗೆ ಬಿಳಿ ರೆಕ್ಸಿನ್ ಇದೆ. ನೋಡಲು ಚಂದ. ಆದರೆ ಒದ್ದೆ ಜೀನ್ಸ್‌ನ ನೀಲಿ, ಹೊಸ ಕಾಟನ್ ದುಪಟ್ಟಾದ ಕೆಂಪು, ಎಲ್ಲ ಅದಕ್ಕೇ ಹತ್ತುತ್ತದೆ. ನೀರಲ್ಲಿ ಆಡಿ ಬಂದವರಿಗೆ ಕೂರಬೇಡಿ ಅನ್ನೋಕಾಗುತ್ತಾ?

ನೀಲಿ ಕಲೆ ಹೊಸದಿದ್ದಾಗ ಸೋಪಿನ ನೀರು, ಮೆತ್ತನೆ ಬ್ರಷ್‌ಗೆ ಸುಮಾರಾಗಿ ಹೋಗುತ್ತದೆ. ಕೆಂಪು ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. ರೆಕ್ಸಿನ್ ಮೆತ್ತಗಿರಲಿ ಅಂತ ಅದರ ಪಿವಿಸಿ ಪ್ಲಾಸ್ಟಿಕ್ಕಿಗೆ ಎಣ್ಣೆಯಂಥ ಪದಾರ್ಥ ಸೇರಿಸುತ್ತಾರಲ್ಲ, ಬಣ್ಣ ಅದರ ಜೊತೆ ಒಳಗಿಳಿಯುತ್ತದೆ. ಬಿಸಿಲಿಗೆ ಕಾದರೆ ಇನ್ನೂ ಜಾಸ್ತಿ. ಮೇಲೆ ಸುಮ್ನೆ ಉಜ್ಜಿ ಪ್ರಯೋಜನವಿಲ್ಲ.

ದಯವಿಟ್ಟು ಥಿನ್ನರ್, ಅಸಿಟೋನ್ ಹೇಳಬೇಡಿ. ಅದು ರೆಕ್ಸಿನ್ನನ್ನೇ ತಿನ್ನುತ್ತದೆ. ಬ್ಲೀಚಿಂಗ್ ನೀರೂ ಬೇಡ, ಹೊಲಿಗೆ ದಾರ ಹಾಳಾಗುತ್ತದೆ. ಕಲೆ ಉಜ್ಜುವ ಮೆಲಮೈನ್ ಸ್ಪಂಜು, ಅಂದರೆ ಮ್ಯಾಜಿಕ್ ಸ್ಪಂಜು, ಸಣ್ಣ ಉಪ್ಪುಕಾಗದದ ಹಾಗೆ, ಹೊಳಪು ಕೆರೆದು ತೆಗೆಯುತ್ತದೆ. ಆಮೇಲೆ ಅಲ್ಲೇ ಕೊಳೆ ಕೂರುತ್ತದೆ.

ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಬಟ್ಟೆ ನೆನೆಸಿ, ಕಲೆ ಮೇಲೆ ಹಾಸಿ ಬಿಸಿಲಿಗೆ ಇಟ್ಟವರು ಯಾರಾದರೂ ಇದ್ದೀರಾ? ಎಷ್ಟು ಹೊತ್ತು ಬಿಟ್ಟಿರಿ? ಆಮೇಲೆ ಸೀಟು ಹಳದಿಯಾಯಿತೇ? ಐಸೋಪ್ರೊಪೈಲ್ ಆಲ್ಕೋಹಾಲ್ ಬಳಸಿದವರು ಎಷ್ಟು ನೀರು ಬೆರೆಸಿದಿರಿ ಅಂತಲೂ ತಿಳಿಸಿ. ಯಾವುದೂ ಆಗದಿದ್ದರೆ ಕವರ್ ಬದಲಾಯಿಸಬೇಕು. ಕುಮಟಾ, ಭಟ್ಕಳ ಕಡೆ ಬೋಟಿನ ಸೀಟು ಹೊಲಿಯುವವರು ಗೊತ್ತಿದ್ದರೆ ಹೇಳಿ. ಈ ಸಲ ಬಿಳಿ ಬೇಡ, ಬೂದು ಬಣ್ಣವೇ ಸಾಕು.