ಹೀರೆ ಮಡಿಯಲ್ಲಿ ಓತಿಕ್ಯಾತ ಮೊಟ್ಟೆ ಇಟ್ಟಿದೆ, ಬೀಜ ಹಾಕಲಾ ಬೇಡವಾ?

ಹಿತ್ತಲಬಾಗಿಲು (ಧಾರವಾಡ)

ಸ್ವಲ್ಪ ವಿಚಿತ್ರ ಪ್ರಶ್ನೆ, ನಗಬೇಡಿ.

ನಮ್ಮದು ಹಳೇ ಮನೆ, ಹಿಂದೆ ಸಣ್ಣ ಹಿತ್ತಲು. ಒಂದು ಪೇರಲ, ಒಂದು ನಿಂಬೆ, ಕರಿಬೇವು, ಬಚ್ಚಲ ನೀರು ಹೋಗುವ ಕಡೆ ಬಾಳೆ. ಈ ಬೇಸಿಗೆಯಲ್ಲಿ ನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಹಾಗಾಗಿ ಬಾಳೆ ಬಿಟ್ಟು ಉಳಿದದ್ದೆಲ್ಲ ಸೊರಗಿಹೋಗಿತ್ತು. ಕಳೆದ ವಾರ ಎರಡು ಸಲ ಗುಡುಗಿ ಒಳ್ಳೇ ಮಳೆ ಬಿತ್ತು. ಹೀರೆ, ಹಾಗಲ, ಚವಳಿ ಹಾಕೋಣ ಅಂತ ಗೋಡೆ ಪಕ್ಕದ ಮಡಿ ಅಗೆದು ಶೆಗಣಿ ಗೊಬ್ಬರ ಬೆರೆಸಿಟ್ಟೆ. ನಿನ್ನೆ ಮಧ್ಯಾಹ್ನ ಬಟ್ಟೆ ಒಣಹಾಕಲು ಹೋದರೆ ಒಂದು ಓತಿಕ್ಯಾತ ಅದೇ ಮಡಿಯ ನಟ್ಟನಡುವೆ ಕೂತು ಮುಂಗಾಲಿಂದ ಮಣ್ಣು ತೋಡುತ್ತಿದೆ! ಎಷ್ಟು ಹೊತ್ತು ನಿಂತು ನೋಡಿದೆನೋ, ಕೈಯಲ್ಲಿದ್ದ ಬಟ್ಟೆ ಅಲ್ಲೇ ಅರ್ಧ ಒಣಗಿತು. ಆಮೇಲೆ ಗುಂಡಿ ಮುಚ್ಚಿ, ಮೂತಿಯಿಂದ ಮಣ್ಣು ಒತ್ತಿ ಒತ್ತಿ ಸಾಪು ಮಾಡಿ ಹೋಯಿತು. ನಾನೇ ನೋಡಿರದಿದ್ದರೆ ಜಾಗ ಗೊತ್ತಾಗುತ್ತಲೇ ಇರಲಿಲ್ಲ.

ಅತ್ತೆ "ತೆಗೆದು ಆಚೆ ಹಾಕು, ಅವು ರಕ್ತ ಹೀರ್ತಾವ" ಅನ್ನುತ್ತಾರೆ. ನನಗೆ ಮನಸ್ಸಿಲ್ಲ. ಆದರೆ ಬಿತ್ತುವ ಹದ ಹೋಗುತ್ತಲ್ವಾ? ನಮ್ಮ ಅಜ್ಜಿ ರೋಹಿಣಿ ಮಳೆ ಬಿದ್ದ ಮರುದಿನವೇ ತೊಲೆಗೆ ಕಟ್ಟಿದ ಒಣ ಹೀರೆಕಾಯಿ ಇಳಿಸುತ್ತಿದ್ದಳು. ಅದನ್ನು ಗಿಲಕಿ ಥರ ಆಡಿಸಿ, ತುದಿ ಮುರಿದು ನಮ್ಮ ಅಂಗೈಗೆ ಬೀಜ ಸುರಿಯುತ್ತಿದ್ದಳು. ಗುಣಿಗೆ ಮೂರು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಈಗ ನನ್ನ ಹತ್ತಿರ ಇರೋದು ಪ್ಯಾಕೆಟ್ ಬೀಜ, ಆದರೂ ಆ ಮಳೆ ತಪ್ಪಿಸಬಾರದು ಅಂತ ಜೀವ ಚಡಪಡಿಸುತ್ತದೆ.

ಮೊಟ್ಟೆ ತೆಗೆದು ಬೇರೆ ಕಡೆ ಇಡಬಹುದಾ? ಎಷ್ಟು ದಿನಕ್ಕೆ ಮರಿ ಆಗುತ್ತವೆ?

ಎರೆಮಣ್ಣಿನವ (ಗದಗ)

ಅಕ್ಕಾರ, ದಯವಿಟ್ಟು ತೆಗೆಯಬೇಡಿ. ಕೋಳಿ ಮೊಟ್ಟೆ ಹೊರಳಿಸಿದ ಹಾಗೆ ಇವನ್ನು ಹೊರಳಿಸುವಂತಿಲ್ಲ. ಒಳಗಿನ ಮರಿ ಸಿಪ್ಪೆಗೆ ಅಂಟಿಕೊಂಡು ಬೆಳೆಯುತ್ತದೆ, ಮೇಲೆ ಕೆಳಗೆ ಆದರೆ ಸಾಯುವುದೇ ಜಾಸ್ತಿ. ಸಾಮಾನ್ಯವಾಗಿ 10ರಿಂದ 20 ಮೊಟ್ಟೆ ಇರುತ್ತವೆ, ಮೆತ್ತನೆ ಸಿಪ್ಪೆ. ಮರಿ ಬರಲು ಆರೇಳು ವಾರ ಹಿಡಿಯಬಹುದು, ಬಿಸಿಲು ಮಳೆ ನೋಡಿಕೊಂಡು ಹಿಂದೆ ಮುಂದೆ. ತಾಯಿ ತಿರುಗಿ ಬರುವುದಿಲ್ಲ, ಹಾಗಾಗಿ ಕಾಯುವ ಕೆಲಸ ನಿಮ್ಮದೇ. ಆ ಜಾಗಕ್ಕೆ ಬಕೆಟ್ಟುಗಟ್ಟಲೆ ನೀರು ಮಾತ್ರ ಸುರಿಯಬೇಡಿ.

ರಕ್ತ ಹೀರುವ ಕಥೆ ನಮ್ಮ ಓಣಿಯಲ್ಲೂ ಇತ್ತು. ಗಂಡು ಓತಿಕ್ಯಾತಕ್ಕೆ ಈ ದಿನಗಳಲ್ಲಿ ತಲೆ, ಗಂಟಲು ಕೆಂಪಾಗುತ್ತದೆ, ಹೆಣ್ಣನ್ನು ಒಲಿಸಲು, ಬೇರೆ ಗಂಡನ್ನು ಹೆದರಿಸಲು. ನಾವು ಹುಡುಗರು ಅದು ದೂರದಿಂದಲೇ ನಮ್ಮ ರಕ್ತ ಎಳೆಯುತ್ತಿದೆ ಅಂತ ಹೊಕ್ಕಳ ಮುಚ್ಚಿಕೊಂಡು ಕಲ್ಲು ಹೊಡೆಯುತ್ತಿದ್ದೆವು. ಎಷ್ಟು ಕೊಂದೆವೋ. ಒಂದು ಸಲ ಅವ್ವ ನೋಡಿ ಅದೇ ಕಲ್ಲು ನನ್ನ ಕೈಗೆ ಕೊಟ್ಟು "ನಿನಗ ನೀ ಹೊಡ್ಕೋ ನೋಡೋಣ" ಅಂದಳು. ಆಮೇಲೆ ಹೊಡೆಯಲಿಲ್ಲ.

ತಾರಸಿ ತೋಟ (ಹುಬ್ಬಳ್ಳಿ)

ಬೀಜಕ್ಕೆ ಏನು ಚಿಂತೆ? ಖಾಲಿ ಹಾಲಿನ ಪ್ಯಾಕೆಟ್‌ಗೆ ತೂತು ಹಾಕಿ ಮಣ್ಣು ತುಂಬಿ ಹೀರೆ, ಹಾಗಲ ಈಗಲೇ ಊರಿ. ಎರಡು ಮೂರು ಎಲೆ ಬಂದಾಗ ಬೇರು ಕದಲದ ಹಾಗೆ ಪ್ಯಾಕೆಟ್ ಸೀಳಿ ಮಣ್ಣಿನ ಸಮೇತ ಮಡಿಯ ಅಂಚಿಗೆ ಇಡಿ, ಬಳ್ಳಿ ಗೋಡೆ ಹತ್ತಲಿ. ನಡುವಿನ ಒಂದೂವರೆ ಅಡಿ ಬಾಣಂತಿಗೆ ಬಿಡಿ. ಚವಳಿ ಕಿತ್ತು ನೆಟ್ಟರೆ ಸರಿಯಾಗಿ ಏಳಲ್ಲ, ಅದನ್ನು ಬೇರೆ ಕಡೆ ನೇರ ಬಿತ್ತಿ.

ಇನ್ನೊಂದು, ಸುಮ್ನೆ ಹೇಳ್ತೀನಿ. ಅರ್ಧ ಜನ ಇದನ್ನೇ ಗೋಸುಂಬೆ ಅಂತಾರೆ. ಅಲ್ಲ. ಗೋಸುಂಬೆಯ ಕಣ್ಣು ಎರಡೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ, ಕಾಲು ಇಕ್ಕಳದ ಥರ, ನಡಿಗೆ ಆಮೆಗಿಂತ ನಿಧಾನ. ಬೇಲಿ ಮೇಲೆ ಕೂತು ತಲೆ ಆಡಿಸುವುದೇ ಓತಿಕ್ಯಾತ, ಗಾದೆಯಲ್ಲಿ ಬೇಲಿಯ ಸಾಕ್ಷಿ ಕೇಳುವುದೂ ಇದೇ.

ಕೋಟೆ ಪಕ್ಕದವ (ಬಂಕಾಪುರ)

ಎಲ್ಲರೂ ಅದನ್ನು ದೇವರು ಮಾಡಬೇಡಿ. ಹುಳ, ಮಿಡತೆ, ಇರುವೆ ತಿನ್ನುತ್ತದೆ, ಸರಿ. ಚಿಟ್ಟೆಯನ್ನೂ ಬಿಡಲ್ಲ. ನಮ್ಮ ನಿಂಬೆ ಗಿಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳ ಇರುತ್ತವಲ್ಲ, ದೊಡ್ಡವಾದಾಗ ಹಸಿರಾಗುತ್ತವೆ, ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಚಾಚಿ ನಾತ ಬಿಡುತ್ತವೆ. ನನ್ನ ಮಗಳು ಅವು ಚಿಟ್ಟೆ ಆಗಲಿ ಅಂತ ದಿನಾ ಲೆಕ್ಕ ಇಡುತ್ತಿದ್ದಳು. ಏಳಿದ್ದವು, ಎರಡು ಉಳಿದವು. ಕಳ್ಳ ಯಾರು ಅಂತ ನಾವೇ ಕಣ್ಣಾರೆ ನೋಡಿದ್ದೇವೆ.

ನಮ್ಮೂರ ಕೋಟೆಯೇ ನವಿಲು ಧಾಮ, ಹಿತ್ತಲಿಗೂ ನವಿಲು ಬರುತ್ತವೆ. ಅವು ಓತಿಕ್ಯಾತನೂ ನುಂಗುತ್ತವೆ, ಬಿತ್ತಿದ ಬೀಜನೂ ಕೆದರಿ ತಿನ್ನುತ್ತವೆ. ಹಾಗಾಗಿ ನಮ್ಮಲ್ಲಿ ನಿಮ್ಮ ಪ್ರಶ್ನೆಯೇ ಹುಟ್ಟುವುದಿಲ್ಲ! ನಿಮ್ಮಲ್ಲಿ ಬೆಕ್ಕು, ಮುಂಗುಸಿ ಇದ್ದರೆ ಆ ಜಾಗದ ಮೇಲೆ ಏನಾದರೂ ಮುಚ್ಚಿ.

ಹಿತ್ತಲಬಾಗಿಲು (ಧಾರವಾಡ)

ಎಲ್ಲರಿಗೂ ಥ್ಯಾಂಕ್ಸ್ ರೀ. ಹನ್ನೆರಡು ಪ್ಯಾಕೆಟ್ ತುಂಬಿಸಿದೆ, ಗುಣಿಗೆ ಮೂರರ ಲೆಕ್ಕ ಇಲ್ಲಿ ಆಗಲ್ಲ, ಎರಡೆರಡು ಹಾಕಿದೆ. ಅಜ್ಜಿ ಇದ್ದಿದ್ದರೆ ಬೈದೇ ಬೈಯುತ್ತಿದ್ದಳು. ಚವಳಿ ಪೇರಲದ ಆಚೆ ಬಿತ್ತಿದ್ದೇನೆ, ನೆರಳು ಸ್ವಲ್ಪ ಜಾಸ್ತಿ, ನೋಡೋಣ.

ಬೆಕ್ಕಿನ ಮಾತು ಅತ್ತೆಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ. ಸಂಜೆ ಹೋಗಿ ನೋಡಿದರೆ ಅಟ್ಟದ ಮೇಲಿದ್ದ ತಳ ಹರಿದ ಬಿದಿರು ಬುಟ್ಟಿ ಮಡಿಯ ಮೇಲೆ ಬೋರಲು ಬಿದ್ದಿದೆ, ಅದರ ಮೇಲೊಂದು ಇಟ್ಟಿಗೆ. ಕೇಳಿದರೆ "ಪಂಚಮಿ ಒಳಗ ಹೋಗ್ತಾವಲ್ಲ? ಹೋದ ಮ್ಯಾಲೆ ನನ್ನ ಬುಟ್ಟಿ ಒಳಗ ತಂದಿಡು" ಅಂದರು.