ಅನಲಾಗ್ ಮಷೀನಿಗೆ ಒಗ್ಗಿದ ಕಿವಿಗೆ ಡಿಜಿಟಲ್ ಸರಿಹೋಗುತ್ತಾ?

ಪ್ರಶ್ನೆ:
ನಮ್ಮಪ್ಪಂಗೆ ಎರಡೂ ಕಿವಿಲಿ 80 ಡೆಸಿಬಲ್ ಹತ್ರ ಹಿಯರಿಂಗ್ ಲಾಸ್ ಇದೆ, ಅಂದ್ರೆ ಕಿವಿ ತುಂಬಾನೇ ಮಂದ, ಮೊದಲಿಂದ್ಲೂ ಅನಲಾಗ್ ಹಿಯರಿಂಗ್ ಮಷೀನೇ ಹಾಕ್ತಿದ್ರು. ಅದು ಕೆಟ್ಟೋಯ್ತು ಅಂತ ಡಿಜಿಟಲ್ ಕೊಡ್ಸಿದ್ವಿ, ಈಗ ನೋಡಿದ್ರೆ "ಇದ್ರಲ್ಲಿ ಸೌಂಡೇ ಇಲ್ಲ, ಎಲ್ರೂ ಪಕ್ಕದ ರೂಮಲ್ಲಿ ಮಾತಾಡ್ದಂಗಿದೆ" ಅಂತ ತೆಗೆದು ಡಬ್ಬೀಲಿ ಇಟ್ಬಿಡ್ತಾರೆ. ಇಷ್ಟು ಲಾಸ್ ಇರೋರಿಗೆ ಅನಲಾಗೇ ವಾಸಿನಾ? ಮನೇಲಿ ಅವ್ರ ಜೊತೆ ಮಾತೇ ಕಮ್ಮಿಯಾಗಿದೆ, ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ 1:
ಅಪ್ಪ ಹೇಳ್ತಿರೋದು ನಿಜಾನೇ, ಹಠ ಅಂದ್ಕೋಬೇಡಿ. ಹಳೇ ಅನಲಾಗ್ ಮಷೀನು ಸಣ್ಣ ಸದ್ದು ದೊಡ್ಡ ಸದ್ದು ಅಂತ ನೋಡಲ್ಲ, ಎಲ್ಲಾನೂ ಒಂದೇ ಸಮ ಏರಿಸುತ್ತೆ. ಡಿಜಿಟಲ್‌ನಲ್ಲಿ ಕಂಪ್ರೆಷನ್ ಇರುತ್ತೆ, ಮೆಲ್ಲಗಿನ ಮಾತನ್ನ ಜಾಸ್ತಿ ಎತ್ತಿ ಜೋರು ಸದ್ದನ್ನ ಕಮ್ಮಿ ಎತ್ತುತ್ತೆ, ಹಾಗಾಗಿ ಜೋರಿಗೇ ಪಳಗಿದ ಕಿವಿಗೆ ಅದು ಸಪ್ಪೆ ಅನ್ಸುತ್ತೆ. ಆಡಿಯಾಲಜಿಸ್ಟ್ (ಕಿವಿ ಟೆಸ್ಟ್ ಮಾಡಿ ಮಷೀನ್ ಸೆಟ್ ಮಾಡೋರು) ಹತ್ರ ಹೋಗಿ ಮೊದ್ಲು ಲೀನಿಯರ್‌ಗೆ, ಅಂದ್ರೆ ಹಳೇದ್ರ ಥರ ಎಲ್ಲಾನೂ ಒಂದೇ ಸಮ ಏರಿಸೋದಕ್ಕೆ, ಹತ್ರ ಸೆಟ್ ಮಾಡಿಸಿ, ಆಮೇಲೆ ವಾರಗಳು ಕಳೆದಂಗೆ ನಿಧಾನಕ್ಕೆ ಬದಲಾಯಿಸ್ಲಿ. ಮಷೀನು ಪವರ್ ಮಾಡೆಲ್ಲಾ (ಜಾಸ್ತಿ ಲಾಸ್ ಇರೋರಿಗೆ ಅಂತ ಮಾಡಿದ್ದಾ) ಅಂತಾನೂ ಕೇಳಿ, ಈ ಲಾಸ್‌ಗೆ ಸಣ್ಣ ಮಾಡೆಲ್ ಸಾಲಲ್ಲ.

ಉತ್ತರ 2:
ನಂಗೂ ಇಷ್ಟೇ ಲಾಸ್ ಇದೆ, ಎರಡೂ ಥರದ್ದು ಹಾಕಿದೀನಿ. ಅನಲಾಗ್‌ನಲ್ಲಿ ಸದ್ದು ತುಂಬಿ ಬರ್ತಿತ್ತು ನಿಜ, ಆದ್ರೆ ಪಾತ್ರೆ ಬಿದ್ರೆ ತಲೆ ಸಿಡಿದಂಗಾಗೋದು, ಯಾಕಂದ್ರೆ ನಮ್ಮಂಥ ಕಿವಿಗೆ ಕೇಳ್ಸೋಕೆ ಶುರುವಾಗೋ ಮಟ್ಟಕ್ಕೂ ತಡ್ಕೊಳ್ಳೋಕಾಗ್ದಿರೋ ಮಟ್ಟಕ್ಕೂ ನಡುವೆ ಜಾಗ ಬಹಳ ಕಮ್ಮಿ. ಆ ಕಮ್ಮಿ ಜಾಗದೊಳಗೆ ಮಾತನ್ನ ಕೂರ್ಸೋದು ಡಿಜಿಟಲ್‌ಗೇ ಚೆನ್ನಾಗಿ ಬರುತ್ತೆ. ನಾನಂತೂ ವಾಪಸ್ ಹೋಗಲ್ಲ. ಗದ್ದಲದಲ್ಲಿ ಮಾತು ಬಿಡಿಸಿ ಕೇಳೋದು ಮಾತ್ರ ಇದ್ರಲ್ಲೂ ಕಷ್ಟಾನೇ, ಅಪ್ಪಂಗೆ ಮುಖ ಕಾಣೋ ಹಾಗೆ ಕೂತು ಮಾತಾಡಿ.

ಉತ್ತರ 3:
ಮೋಲ್ಡ್, ಅಂದ್ರೆ ಕಿವಿಯ ಅಳತೆಗೆ ಮಾಡಿ ಒಳಗೆ ಕೂರ್ಸೋ ಭಾಗ, ಅದ್ರ ಬಗ್ಗೆ ಯಾರೂ ಕೇಳ್ಲಿಲ್ಲ! ಕಿವಿಗೆ ಸರಿಯಾಗಿ ಕೂರ್ದಿದ್ರೆ ಸೌಂಡ್ ಸೋರಿ ಕುಂಯ್ ಅನ್ನುತ್ತೆ, ಆ ಸಿಳ್ಳೆ ನಿಲ್ಸೋಕೆ ಸಾಫ್ಟ್‌ವೇರ್‌ನಲ್ಲಿ ಹೈ ಫ್ರೀಕ್ವೆನ್ಸಿ (ಕೀಚಲು ಸ್ವರದ ಸದ್ದು) ಇಳಿಸ್ಬಿಡ್ತಾರೆ, ಆಗ ಸ, ಶ ಥರದ ಅಕ್ಷರಗಳೇ ಮಾಯ. ಮಷೀನಿನ ಸೌಂಡ್ ಎಷ್ಟು ಮುಟ್ಟುತ್ತೆ ಅಂತ ಕಿವಿಯೊಳಗೆ ತೆಳ್ಳಗಿನ ಟ್ಯೂಬ್ ಇಟ್ಟು ಅಳೀತಾರಲ್ಲ, ರಿಯಲ್ ಇಯರ್ ಟೆಸ್ಟ್, ಅದನ್ನ ಮಾಡಿಸ್ಲೇಬೇಕು. ಎಲ್ಲಾ ಸರಿ ಮಾಡಿಸಿದ್ಮೇಲೂ ಮಾತು ಅರ್ಥ ಆಗ್ತಿಲ್ಲ ಅಂದ್ರೆ ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರ್ಸೋ ಸಾಧನ) ಬಗ್ಗೆ ಇಎನ್‌ಟಿ ಹತ್ರ ಕೇಳಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಈಗ್ತಾನೆ ತೆಗೆದು ನೋಡ್ದೆ, ಹಳೇ ಮೋಲ್ಡನ್ನೇ ಹೊಸ ಮಷೀನಿಗೆ ಸಿಕ್ಕಿಸಿ ಕೊಟ್ಟಿದಾರೆ, ಗಟ್ಟಿಯಾಗಿ ಹಳದಿ ತಿರುಗಿದೆ.

ಉತ್ತರ 3:
ಹಾಗಿದ್ರೆ ಮೊದ್ಲು ಹೊಸ ಮೋಲ್ಡ್‌ಗೆ ಕಿವಿಯ ಅಚ್ಚು ತೆಗೆಸಿ, ಸೆಟ್ಟಿಂಗ್ ಆಮೇಲೆ.